ಹೋಲಿಕೆಯೂ ಹೇತುವೂ

ಗದಗಿನ ಮಗ್ಗುಲಲ್ಲಿ ಬಿಂಕದಕಟ್ಟಿಯೆಂಬ ಊರಿದೆ. ಅಲ್ಲಿ ಒಂದು ಮೃಗಾಲಯವಿದೆ. ಪ್ರಾಣಿಗಳನ್ನು ಕೂಡಿಹಾಕುವುದು ಯುಕ್ತವೇ ಎಂಬ ವಿಷಯವಾಗಿ ನಾನೊಮ್ಮೆ ಇಂಗ್ಲಿಷ್ ತರಗತಿಯಲ್ಲಿ ಪ್ರಬಂಧ ಬರೆಯಿಸಿದೆನು. ಆ ಊರ ಕಡೆಯಿಂದ ಬರುತ್ತಿದ್ದ ವಿದ್ಯಾರ್ಥಿಯೊಬ್ಬನು, ಮೃಗಾಲಯವೇ ಸೆರೆಮನೆ ಎಂದು ಬರೆದನು. ನಾನು ಅಂಚಿನಲ್ಲಿ ‘ಮೆಟಫರ್’ ಎಂದು ಗುರುತು ಹಾಕಿ ಅಂಕ ಕೊಟ್ಟೆನು. ಅವನ ಪಕ್ಕದವನು ಅದೇ ಮೃಗಾಲಯವು ಆಸ್ಪತ್ರೆಯಂತಿದೆ ಎಂದಿದ್ದನು; ‘ಸಿಮಿಲಿ’ ಎಂದು ಅವನಿಗೂ ಅಷ್ಟೇ ಅಂಕ ದೊರೆಯಿತು. ಆಗ ಮೊದಲಿನವನು ಎದ್ದು ನಿಂತು, “ಸರ್, ನಮ್ಮಿಬ್ಬರಲ್ಲಿ ಯಾರ ಮಾತು ಖರೆ?” ಎಂದು ಕೇಳಿದನು. ನಾನು ನಿರುತ್ತರನಾದೆನು. ಇಷ್ಟು ವರ್ಷ ಅಲಂಕಾರಗಳ ಹೆಸರನ್ನು ಬಾಯಿಪಾಠ ಮಾಡಿಸಿದವನು, ಅವು ವಾದದಲ್ಲಿ ಮಾಡುವ ಕೆಲಸವನ್ನು ವಿಚಾರಿಸಿರಲಿಲ್ಲ.

ಕ್ರಿಸ್ತಪೂರ್ವ 4ನೆಯ ಶತಮಾನದ ಅರಿಸ್ಟಾಟಲನು ಒಪ್ಪಿಸುವ ಸಾಧನಗಳು ಮೂರೆಂದನು: ಈಥಾಸ್ ಎಂದರೆ ಮಾತನಾಡುವವನ ಶೀಲ, ಪೇಥಾಸ್ ಎಂದರೆ ಕೇಳುವವರ ಭಾವ, ಲೋಗಾಸ್ ಎಂದರೆ ಮಾತಿನೊಳಗಣ ಯುಕ್ತಿ. ಹೋಲಿಕೆಯು ಭಾವವನ್ನು ಬೇಗ ಮುಟ್ಟುತ್ತದೆ. ಅದರಿಂದಲೇ ಅದು ಯುಕ್ತಿಯ ಪೀಠವನ್ನೇರಿ ಕುಳಿತುಬಿಡುವುದುಂಟು.

ಇದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾದುದಿಲ್ಲ. ಗದಗಿಗೆ ಸಮೀಪದ ಮುಳಗುಂದದಲ್ಲಿದ್ದ ನಯಸೇನನು 1112ರಲ್ಲಿ ‘ಧರ್ಮಾಮೃತ’ವನ್ನು ರಚಿಸಿದನು. ಕನ್ನಡದಲ್ಲಿ ಬರೆಯುತ್ತೇನೆಂದು ಹೊರಟು ಸಂಸ್ಕೃತವನ್ನು ತಂದು ತುಂಬುವವರನ್ನು ಅವನು ಆಕ್ಷೇಪಿಸಿದನು. ಅದು ತುಪ್ಪವನ್ನೂ ಎಣ್ಣೆಯನ್ನೂ ಬೆರಸಿದಂತಲ್ಲವೇ ಎಂದು ಕೇಳಿದನು. ಆ ಮಾತಿನಲ್ಲಿ ಎಷ್ಟು ಸಾಧನಗಳಿವೆ, ನೋಡಿ. ಇದು ಇಲ್ಲವೆ ಅದು ಎಂಬ ವಿಕಲ್ಪವಿದೆ, ಉತ್ತರವನ್ನು ಒಡಲಲ್ಲಿಟ್ಟುಕೊಂಡ ಪ್ರಶ್ನೆಯಿದೆ, ಅಡುಗೆಮನೆಯ ಉಪಮೆಯಿದೆ. ಕೇಳಿದವನು ತಲೆದೂಗದಿರಲಾರನು. ಆದರೆ ಅದೇ ಪದ್ಯದಲ್ಲಿ ತುಪ್ಪ, ಎಣ್ಣೆಗಳಿಗೆ ಕವಿಯು ಬಳಸಿದ ಶಬ್ದಗಳು ‘ಘೃತ’, ‘ತೈಲ’, ಎರಡೂ ಸಂಸ್ಕೃತವೇ! ಇಷ್ಟರಿಂದ ನಯಸೇನನ ವಾದ ಬಿದ್ದುಹೋಯಿತೆನ್ನಬಹುದೆ? ಕೂಡದು. ನುಡಿದವನು ತನ್ನ ನುಡಿಗೆ ತಪ್ಪಿದರೆ ಅವನ ಈಥಾಸಿಗೆ ಕುಂದು ಬಂದೀತು, ನುಡಿ ಸುಳ್ಳಾಗದು. ಕೇಳಬೇಕಾದ ಪ್ರಶ್ನೆಯೇ ಬೇರೆ: ಭಾಷೆಗಳು ಬೆರೆಯುವುದು ತುಪ್ಪ ಎಣ್ಣೆಗಳು ಬೆರೆಯುವಂತೆಯೇ? ಕಚೇರಿ, ಮೇಜು, ಸ್ಟೇಷನ್ನು ಎಂಬ ಹೊರಗಿನ ಶಬ್ದಗಳು ನಮ್ಮ ಮಾತನ್ನು ಕೆಡಿಸಿದುವೆ, ಬೆಳೆಸಿದುವೆ? ಇಲ್ಲಿ ಉಪಮೆ ಮುಗಿಯುತ್ತದೆ, ವಿಚಾರ ಮೊದಲಾಗುತ್ತದೆ.

ನಮ್ಮ ನ್ಯಾಯಶಾಸ್ತ್ರವು ಈ ಎಚ್ಚರವನ್ನು ಎಂದೋ ಕಲಿಸಿದೆ. ಅದರಲ್ಲಿ ವಾದಕ್ಕೆ ಐದು ಅವಯವಗಳು: ಪ್ರತಿಜ್ಞೆ, ಹೇತು, ಉದಾಹರಣೆ, ಉಪನಯ, ನಿಗಮನ. ಕಪ್ಪತಗುಡ್ಡದಲ್ಲಿ ಬೆಂಕಿಯಿದೆ ಎಂಬುದು ಪ್ರತಿಜ್ಞೆ. ಹೊಗೆ ಕಾಣುವುದರಿಂದ ಎಂಬುದು ಹೇತು. ಹೊಗೆಯಿರುವಲ್ಲಿ ಬೆಂಕಿಯುಂಟು, ಅಡುಗೆಮನೆಯಂತೆ ಎಂಬುದು ಉದಾಹರಣೆ. ಈ ಗುಡ್ಡದಲ್ಲಿಯೂ ಅಂತಹ ಹೊಗೆಯಿದೆ ಎಂಬುದು ಉಪನಯ. ಆದುದರಿಂದ ಬೆಂಕಿಯಿದೆ ಎಂಬುದು ನಿಗಮನ. ಅಡುಗೆಮನೆಯನ್ನು ಹೆಸರಿಸಿದ ಮಾತ್ರಕ್ಕೆ ಗುಡ್ಡದಲ್ಲಿ ಬೆಂಕಿ ಹೊತ್ತದು. ಹೊಗೆಯನ್ನು ತೋರಿಸಬೇಕು.

ಮರುದಿನ ಆ ಇಬ್ಬರಿಗೂ ನಾನು ಕೇಳಿದುದು ಇಷ್ಟೆ: ನಿಮ್ಮ ಹೊಗೆಯೆಲ್ಲಿ? ಸೆರೆಮನೆಯೆಂದವನು ಬಂಧನವನ್ನು ತೋರಿಸಿದನು. ಆದರೆ ಸೆರೆಯಾಳಿಗೆ ಅಪರಾಧವುಂಟು, ಮೃಗಕ್ಕೆ ಯಾವ ಅಪರಾಧವೆಂದು ತಾನೇ ಚಿಂತಿಸತೊಡಗಿದನು. ಆಸ್ಪತ್ರೆಯೆಂದವನು ಶುಶ್ರೂಷೆಯನ್ನು ತೋರಿಸಿದನು. ಆದರೆ ಗುಣವಾದ ರೋಗಿ ಮನೆಗೆ ಹೋಗುವನು, ಮೃಗವು ಹೋಗುವುದೆಲ್ಲಿಗೆಂದು ತಡವರಿಸಿದನು. ಕೊನೆಗೆ ಇಬ್ಬರೂ ಒಂದೇ ಪ್ರಶ್ನೆಗೆ ಬಂದು ನಿಂತರು: ಈ ಪ್ರಾಣಿ ಎಲ್ಲಿಂದ ಬಂದಿತು, ಕಾಡಿಗೆ ಬಿಟ್ಟರೆ ಬದುಕೀತೆ? ಅದಕ್ಕೆ ಉತ್ತರ ಅಲಂಕಾರದ ಪುಸ್ತಕದಲ್ಲಿಲ್ಲ; ಹೋಗಿ ನೋಡಿ, ಕೇಳಿ ತಿಳಿಯತಕ್ಕದ್ದು.

ಪರೀಕ್ಷೆಗೆ ಓದುವ ಮಕ್ಕಳು ಹೆಸರುಗಳನ್ನೂ ಕಲಿಯಲಿ, ಬೇಡವೆನ್ನೆನು. ಆದರೆ ಚೆಲುವಾದ ಹೋಲಿಕೆಯೊಂದು ಕಿವಿಗೆ ಬಿದ್ದಾಗ, ಅದು ವೇದಿಕೆಯಿಂದ ಬಂದಿರಲಿ, ಮೇಷ್ಟರ ಬಾಯಿಂದಲೇ ಬಂದಿರಲಿ, ಅದರ ಹೇತುವೇನೆಂದು ಕೇಳುವ ಧೈರ್ಯ ಅವರಿಗಿರಲಿ. ಅಂದು ಎದ್ದು ನಿಂತು ಕೇಳಿದ ಹುಡುಗನಿಗೆ ನಾನು ಕೊಟ್ಟ ಅಂಕ ಕಡಮೆಯೆಂದೇ ಈಗಲೂ ನನಗೆ ತೋರುತ್ತದೆ.