ಮಲಗುವ ಗಾಡಿಗೆ ಎಂಥ ವಯರು?

(ಸಂಘದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಇಂದು ಸಂಬಳ, ಬೋನಸ್ಸುಗಳ ಮಾತು ತೆಗೆಯುವುದಿಲ್ಲ. ವಯರಿನ ವಿಷಯವಾಗಿ ನಾಲ್ಕು ಮಾತು ಹೇಳಲು ನಿಂತಿದ್ದೇನೆ. ನಮ್ಮ ಹುಡುಗರಲ್ಲಿ ಕೆಲವರು ಹೋಟೆಲು ಬಿಟ್ಟು ಗ್ಯಾರೇಜುಗಳಲ್ಲಿ ವಯರಿಂಗ್ ಕೆಲಸ ಹಿಡಿದಿದ್ದಾರೆ. ಮಹಾರಾಷ್ಟ್ರ ಸರಕಾರವು ೨೦೨೧ರಲ್ಲಿ ಕ್ಯಾರವಾನ್ ಪ್ರವಾಸದ ಧೋರಣೆಯನ್ನು ಪ್ರಕಟಿಸಿತು. ಹಳೆಯ ವ್ಯಾನಿನೊಳಗೆ ಹಾಸಿಗೆ, ದೀಪ, ಪಂಖ, ಫ್ರಿಜ್ಜು ಕೂಡಿಸಿ ಊರೂರು ತಿರುಗುವವರಿದ್ದಾರೆ. ಅಂಥ ಗಾಡಿಯ ಹಳೆಯ ವಯರು ಕಿತ್ತು ಹೊಸದು ಎಳೆಯುವಾಗ ಯಾವುದನ್ನು ಆರಿಸಬೇಕು?

“ದೀಪ ಹತ್ತಿದರೆ ಆಯಿತು” ಎನ್ನುವ ಮಾಲಕರುಂಟು. ದೀಪ ಹತ್ತುವುದು ವಯರು ಸರಿಯಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಆ ಗಾಡಿಯಲ್ಲಿ ಮಕ್ಕಳು ಮರಿಗಳು ಬಾಗಿಲು ಹಾಕಿಕೊಂಡು ಮಲಗುತ್ತಾರೆ. ಹಲಗೆಯ ಹಿಂದೆ ವಯರು ಕಾದರೆ ನಿದ್ದೆಯಲ್ಲಿದ್ದವರಿಗೆ ಹೇಗೆ ತಿಳಿಯಬೇಕು?

ನಾನು ಏಳನೆಯ ಇಯತ್ತೆ ಓದಿದವನು. ಗುಣಾಕಾರ, ಭಾಗಾಕಾರ ಬಂದರೆ ಈ ಲೆಕ್ಕಕ್ಕೆ ಸಾಕು. ವಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರು ಬರುತ್ತದೆ. ಮನೆಯ ವಿದ್ಯುತ್ತು ೨೩೦ ವೋಲ್ಟು, ಗಾಡಿಯ ಬ್ಯಾಟರಿ ೧೨ ವೋಲ್ಟು. ೬೦ ವಾಟಿನ ಸಾಮಾನು ಮನೆಯಲ್ಲಿ ಕಾಲು ಆಂಪಿಯರಿನಷ್ಟು ಎಳೆದರೆ ಗಾಡಿಯಲ್ಲಿ ೫ ಆಂಪಿಯರು ಎಳೆಯುತ್ತದೆ. ವೋಲ್ಟು ಕಡಿಮೆಯೆಂದು ವಯರು ಸಣ್ಣದು ಸಾಕೆನ್ನುವುದು ತಲೆಕೆಳಗಾದ ಮಾತು. ವೋಲ್ಟು ಇಳಿದಷ್ಟೂ ವಯರು ದಪ್ಪ ಬೇಕು.

ಎರಡನೆಯದು ಉದ್ದ. ಬ್ಯಾಟರಿಯಿಂದ ಫ್ರಿಜ್ಜಿಗೆ ವಯರು ೫ ಮೀಟರು ಓಡಿದರೆ, ಹೋಗುವುದೂ ಬರುವುದೂ ಸೇರಿ ೧೦ ಮೀಟರು. ಆ ೫ ಆಂಪಿಯರಿಗೆ ೧.೫ ಚದರ ಮಿಲಿಮೀಟರಿನ ತಾಮ್ರದ ವಯರು ಹಾಕಿದರೆ ದಾರಿಯಲ್ಲೇ ಅರ್ಧ ವೋಲ್ಟಿಗಿಂತ ಹೆಚ್ಚು ಸೋರಿ ಹೋಗುತ್ತದೆ. ೪ರದು ಹಾಕಿದರೆ ಕಾಲು ವೋಲ್ಟೂ ಹೋಗುವುದಿಲ್ಲ. ೧೨ರಲ್ಲಿ ಅರ್ಧ ಹೋದರೆ ಸಣ್ಣ ನಷ್ಟವಲ್ಲ. ಬ್ಯಾಟರಿ ಸ್ವಲ್ಪ ಇಳಿದೊಡನೆ ಫ್ರಿಜ್ಜು ನಿಂತುಬಿಡುತ್ತದೆ. ದೂರು ಮಾತ್ರ ಫ್ರಿಜ್ಜಿನ ಮೇಲೆ. ಇನ್ವರ್ಟರ್ ಇಟ್ಟು ೧೦೦೦ ವಾಟಿನ ಒಲೆ ಹಚ್ಚುವೆನೆಂದರೆ ಬ್ಯಾಟರಿಯಿಂದ ೮೦ಕ್ಕೂ ಹೆಚ್ಚು ಆಂಪಿಯರು ಬೇಕು. ಅದಕ್ಕೆ ಬೆರಳಿನಂಥ ದಪ್ಪ ಕೇಬಲ್ಲೇ ಆಗಬೇಕು, ಇನ್ವರ್ಟರು ಬ್ಯಾಟರಿಯ ಮಗ್ಗುಲಲ್ಲೇ ಕೂಡಬೇಕು.

ಮೂರನೆಯದು ವಯರಿನ ಜಾತಿ. ಗಾಡಿ ಸದಾ ಅದುರುತ್ತದೆ. ಒಂಟಿ ಗಟ್ಟಿ ತಂತಿ ಅದುರಿ ಅದುರಿ ಒಂದು ದಿನ ಮುರಿಯುತ್ತದೆ. ಸಣ್ಣ ಎಳೆಗಳು ಹಲವಿರುವ, ಬಾಗುವ ವಯರೇ ಬೇಕು. ಮೋಟಾರು ಗಾಡಿಗೆಂದೇ ಮಾಡಿದ ಕೇಬಲ್ಲು, ಹೆಚ್ಚು ಶಾಖ ತಾಳುವಂಥದು, ಉತ್ತಮ. ತಾಮ್ರವನ್ನೂ ಪರೀಕ್ಷಿಸಬೇಕು. ಲೋಹಾರ ಚಾಳಿನಲ್ಲಾಗಲಿ ಬೇರೆಲ್ಲಾಗಲಿ ಕೊಳ್ಳುವ ಮೊದಲು ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿರಿ. ಮೇಲೆ ಕೆಂಪು, ಒಳಗೆ ಬಿಳಿ ಕಂಡರೆ ಅದು ತಾಮ್ರದ ಹೊದಿಕೆಯ ಅಲ್ಯೂಮಿನಿಯಂ, ಬೇಡ. ಮೇಲೆ ಬಿಳಿ, ಒಳಗೆ ಕೆಂಪು ಇದ್ದರೆ ಕಲಾಯಿ ಹಾಕಿದ ತಾಮ್ರ. ನಮ್ಮ ಹೋಟೆಲಿನ ಪಾತ್ರೆಗೆ ಕಲಾಯಿ ಹಾಕಿದಂತೆಯೇ. ಕಿಲುಬು ಹತ್ತುವುದಿಲ್ಲ, ಧೈರ್ಯವಾಗಿ ಕೊಳ್ಳಿರಿ.

ಇನ್ನು ಫ್ಯೂಜು. ಫ್ಯೂಜು ಇರುವುದು ಮುಖ್ಯವಾಗಿ ವಯರನ್ನು ಕಾಯಲು. ವಯರು ತಾಳುವುದಕ್ಕಿಂತ ದೊಡ್ಡ ಫ್ಯೂಜು ಹಾಕಿದರೆ ಫ್ಯೂಜಿಗೆ ಮೊದಲು ವಯರೇ ಸುಡುತ್ತದೆ. ಅದನ್ನು ಬ್ಯಾಟರಿಯ ಪ್ಲಸ್ ತುದಿಯ ಹತ್ತಿರವೇ ಇಡಬೇಕು. ೧೨ ವೋಲ್ಟು ಮೈಗೆ ಹೊಡೆಯದಿರಬಹುದು; ಆದರೆ ಪ್ಲಸ್ ವಯರು ತಗಡಿಗೆ ತಾಗಿದರೆ ಬ್ಯಾಟರಿ ನೂರಾರು ಆಂಪಿಯರು ಸುರಿಯಬಲ್ಲದು. ಆದುದರಿಂದ ತಗಡಿನ ತೂತಿನಲ್ಲಿ ವಯರು ಹಾಯುವಲ್ಲಿ ರಬ್ಬರಿನ ಬಳೆ ತಪ್ಪಿಸಬೇಡಿರಿ. ಹೊರಗಿನಿಂದ ೨೩೦ ವೋಲ್ಟು ತಂದರೆ ಅದಕ್ಕೆ ಬೇರೆ ಕೊಳವೆ, ಅರ್ಥಿಂಗ್, ೩೦ ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಬೇಕೇ ಬೇಕು.

ಬಂಧುಗಳೆ, ಇದು ಬರೀ ಮಿಸ್ತ್ರಿಯ ಮಾತಲ್ಲ. ವಯರಿನಲ್ಲಿ ಉಳಿಸಿದ ದುಡ್ಡು ಮಾಲಕರ ಕಿಸೆಗೆ. ಬೆಂಕಿ ಬಿದ್ದರೆ ಬೊಟ್ಟು ತೋರಿಸುವುದು ಎಳೆದವನ ಕಡೆಗೆ. ಆದಕಾರಣ ಒಂದು ಸೂಚನೆ ಮಾಡುತ್ತೇನೆ. ಕೆಲಸಕ್ಕೆ ಮುಂಚೆ ಒಂದು ಚೀಟಿ ಬರೆಯಿರಿ: ಸಾಮಾನು ಎಷ್ಟು ವಾಟು, ವಯರು ಎಷ್ಟು ಉದ್ದ, ಎಷ್ಟು ದಪ್ಪ, ಫ್ಯೂಜು ಎಷ್ಟು. ಮಾಲಕರ ಸಹಿ ಹಾಕಿಸಿ ಒಂದು ಪ್ರತಿ ನಿಮ್ಮಲ್ಲಿಡಿರಿ. ಸಣ್ಣ ವಯರೇ ಹಾಕೆಂದು ಹಟ ಹಿಡಿದರೆ “ಆಗದು” ಎನ್ನಿರಿ. ಒಬ್ಬನೇ ಹೇಳಲು ಅಂಜಿಕೆಯಾದರೆ ಸಂಘಕ್ಕೆ ಬನ್ನಿರಿ, ಜತೆಗೆ ನಿಲ್ಲೋಣ. ನಾವು ಎಳೆದ ವಯರಿನ ಮೇಲೆ ಯಾರೋ ನಂಬಿ ಮಲಗುತ್ತಾರೆ. ಆ ನಂಬಿಕೆಯೇ ನಮ್ಮ ಕಸುಬಿನ ಮಾನ.