ಬಡಿಸುವ ಸಾಲಿಗೆ ಬಂದವರು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಚರ್ಚುಗಳಲ್ಲಿ ಆರಾಧನೆಯ ಜೊತೆಗೇ ನಡೆದುಬಂದ ಇನ್ನೊಂದು ಕೆಲಸವಿದೆ. ಬಡವರ ಮನೆಗೆ ಅಕ್ಕಿ ತಲುಪಿಸುವುದು, ಕಾಯಿಲೆಯವರನ್ನು ನೋಡಿಬರುವುದು, ಓದುವ ಮಕ್ಕಳಿಗೆ ನೆರವಾಗುವುದು. ಈ ಸೇವೆಯಲ್ಲಿ ಕಣ್ಣು ಕಾಣದವರ ಹೆಸರು ಎಲ್ಲಿರುತ್ತದೆ? ಹೆಚ್ಚಾಗಿ ಪಡೆಯುವವರ ಪಟ್ಟಿಯಲ್ಲಿ. ಪಂಕ್ತಿಯಲ್ಲಿ ಸದಾ ಎಲೆಯ ಮುಂದೆ ಕೂರಿಸಿ, ಒಮ್ಮೆಯೂ ಬಡಿಸಲು ಬಿಡದಂತೆ ಇದು. ಕ್ರೈಸ್ತ ಸೇವೆಯ ಚರಿತ್ರೆಯನ್ನು ನೋಡಿದರೆ, ಬಡಿಸಲು ನಿಂತ ಅಂಧರೇ ಆ ಸೇವೆಗೆ ಹೊಸ ದಾರಿ ತೋರಿದ್ದಾರೆ.

ನಾಲ್ಕನೆಯ ಶತಮಾನದ ಈಜಿಪ್ಟಿನಲ್ಲಿ, ಅಲೆಕ್ಸಾಂಡ್ರಿಯ ನಗರದಲ್ಲಿ ದಿದಿಮಸ್ ಎಂಬ ಗುರುವಿದ್ದ. ಎಳವೆಯಲ್ಲೇ ಕಣ್ಣು ಕಳೆದುಕೊಂಡವನು. ಮರದಲ್ಲಿ ಕೊರೆದ ಅಕ್ಷರಗಳನ್ನು ಬೆರಳಿನಿಂದ ಮುಟ್ಟಿ ಓದು ಕಲಿತನೆಂದು ಹಳೆಯ ಚರಿತ್ರೆಕಾರರು ಬರೆದಿದ್ದಾರೆ. ಮರವನ್ನು ತಿರುಗಿಸಿ, ಕೊರೆದು, ಅರಗಿನ ಬಣ್ಣ ಕಟ್ಟುವ ಚನ್ನಪಟ್ಟಣದವರಿಗೆ, ಬೆರಳಿಗೆ ಎಷ್ಟು ಗೊತ್ತಾಗುತ್ತದೆ ಎಂಬುದನ್ನು ಬೇರೆ ಹೇಳಬೇಕಿಲ್ಲ. ಆ ದಿದಿಮಸ್ ಅಲ್ಲಿನ ಕ್ರೈಸ್ತ ವಿದ್ಯಾಪೀಠದಲ್ಲಿ ಪಾಠ ಹೇಳಿದ. ಬೈಬಲ್ಲನ್ನು ಲ್ಯಾಟಿನ್ನಿಗೆ ತಂದ ಸಂತ ಜೆರೋಮ್ ಅವನಲ್ಲಿ ಕಲಿತವನು.

ಮುಂದಿನ ಕಾಲದಲ್ಲಿ ಸೇವೆಯೆಂದರೆ ಆಶ್ರಯ ಎಂದಾಯಿತು. 1260ರ ಸುಮಾರಿಗೆ ಫ್ರಾನ್ಸಿನ ದೊರೆ ಒಂಬತ್ತನೆಯ ಲೂಯಿ ಪ್ಯಾರಿಸ್ಸಿನಲ್ಲಿ 300 ಅಂಧರಿಗೆ ವಸತಿ ಕಟ್ಟಿಸಿದ. ತಲೆಯ ಮೇಲೆ ಸೂರು ಸಿಕ್ಕಿತು, ಆದರೆ ಭಿಕ್ಷೆ ತಪ್ಪಲಿಲ್ಲ.

ಶತಮಾನಗಳ ನಂತರ ಅದೇ ಪ್ಯಾರಿಸ್ಸಿಗೆ ಲೂಯಿ ಬ್ರೈಲ್ ಬಂದ. ಅಪ್ಪನ ಕಾರ್ಯಾಗಾರದ ಚೂಪಾದ ಸಲಕರಣೆ ತಗುಲಿ 3ನೆಯ ವಯಸ್ಸಿನಲ್ಲಿ ಕಣ್ಣಿಗೆ ಪೆಟ್ಟಾಗಿ, ಮುಂದೆ ಪೂರ್ತಿ ಕುರುಡನಾದ ಹುಡುಗ, 1824ರಲ್ಲಿ, 15ರ ಹರೆಯದಲ್ಲಿ ಆರು ಚುಕ್ಕಿಗಳ ಲಿಪಿ ರೂಪಿಸಿದ. 1829ರಲ್ಲಿ ಅದು ಪುಸ್ತಕವಾಗಿ ಬಂತು. ಅವನು ಪ್ಯಾರಿಸ್ಸಿನ ಚರ್ಚುಗಳಲ್ಲಿ ಆರ್ಗನ್ ನುಡಿಸುತ್ತಿದ್ದ ವಾದಕನೂ ಹೌದು. ಇಡೀ ಸಭೆ ಅವನ ಬೆರಳಿನ ಶ್ರುತಿಗೆ ದನಿಗೂಡಿಸಿ ಹಾಡಿತು.

ಅಮೆರಿಕದಲ್ಲಿ ಫ್ಯಾನಿ ಕ್ರಾಸ್ಬಿ. ಹುಟ್ಟಿದ್ದು 1820ರಲ್ಲಿ, ಕೆಲವೇ ವಾರಗಳಲ್ಲಿ ದೃಷ್ಟಿ ಹೋಯಿತು. ಸಾವಿರಾರು ಭಕ್ತಿಗೀತೆ ಬರೆದ ಕೀರ್ತಿ ಅವರದು. ಆದರೆ ನಾನು ಒತ್ತಿ ಹೇಳಬೇಕೆಂದಿರುವುದು ಅವರ ಇನ್ನೊಂದು ಕೆಲಸವನ್ನು. ನ್ಯೂಯಾರ್ಕಿನ ಬಡ ಬೀದಿಗಳಲ್ಲಿ ಕುಡಿತಕ್ಕೆ ಬಿದ್ದವರಿಗಾಗಿ, ಮನೆಯಿಲ್ಲದವರಿಗಾಗಿ ನಡೆಯುತ್ತಿದ್ದ ಕ್ರೈಸ್ತ ಸೇವಾಕೇಂದ್ರಗಳಿಗೆ ಅವರು ಮುಪ್ಪಿನಲ್ಲೂ ಹೋಗಿ, ನೊಂದವರ ಪಕ್ಕ ಕೂತು ಮಾತಾಡುತ್ತಿದ್ದರು. ದಿಕ್ಕೆಟ್ಟವನ ಮಾತು ಕೇಳಿಸಿಕೊಳ್ಳಲು ಬೇಕಾದದ್ದು ಕಿವಿ ಮತ್ತು ತಾಳ್ಮೆ. ಅವೆರಡೂ ಅವರಲ್ಲಿ ತುಂಬಿದ್ದವು.

ನಮ್ಮ ದೇಶದಲ್ಲಿ ಅಂಧರ ಮೊದಲ ಶಾಲೆಯನ್ನು 1887ರಲ್ಲಿ ಅಮೃತಸರದಲ್ಲಿ ತೆರೆದವರು ಮಿಷನರಿ ಆ್ಯನಿ ಶಾರ್ಪ್. 1951ರಲ್ಲಿ ಭಾರತಿ ಬ್ರೈಲ್ ಒಪ್ಪಿತವಾದ ಮೇಲೆ ನಮ್ಮ ನುಡಿಗಳಿಗೆಲ್ಲ ಒಂದೇ ಚುಕ್ಕಿಲಿಪಿಯ ಏರ್ಪಾಡು ಸಿಕ್ಕಿತು. ಕನ್ನಡದ ‘ಕ’ಕ್ಕೆ ಯಾವ ಚುಕ್ಕಿಗಳೋ, ತಮಿಳು, ತೆಲುಗಿನ ‘ಕ’ಕ್ಕೂ ಅವೇ ಚುಕ್ಕಿಗಳು.

ಈಗ ನಮ್ಮ ನೆರೆಗೇ ಬರೋಣ. ಬೆಂಗಳೂರಿನಲ್ಲಿ ಜ್ಯೋತಿ ಸೇವಾ ಎಂಬ ಅಂಧಮಕ್ಕಳ ಮನೆಯಿದೆ. ನಡೆಸುತ್ತಿರುವವರು ಪೋಲೆಂಡಿನಲ್ಲಿ ಹುಟ್ಟಿದ ಒಂದು ಸಭೆಯ ಧರ್ಮಭಗಿನಿಯರು. ಆ ಸಭೆಯನ್ನು ಕಟ್ಟಿದವರು ಸ್ವತಃ ಅಂಧೆ. ರೋಜಾ ಚಾಟ್ಸ್ಕಾ ಅವರ ಹೆಸರು. ಸಿರಿವಂತರ ಮಗಳು, 22ನೆಯ ವಯಸ್ಸಿನಲ್ಲಿ ಪೂರ್ತಿ ಕುರುಡಾದರು. ಗುಣವಾಗದೆಂದು ಮುಚ್ಚುಮರೆಯಿಲ್ಲದೆ ಹೇಳಿದ ವೈದ್ಯರು, ಅಂಧರಿಗಾಗಿ ದುಡಿಯಿರಿ ಎಂದೂ ಸಲಹೆ ಕೊಟ್ಟರು. ರೋಜಾ ಮೊದಲು ಬ್ರೈಲ್ ಕಲಿತರು, 1911ರಲ್ಲಿ ವಾರ್ಸಾದಲ್ಲಿ ಅಂಧರಿಗಾಗಿ ಸಂಘ ಸ್ಥಾಪಿಸಿದರು, 1918ರಲ್ಲಿ ಸನ್ಯಾಸಿನಿಯರ ಸಭೆ ಆರಂಭಿಸಿದರು. ಅಂಧರು ತಮ್ಮ ದುಡಿಮೆಯಿಂದ ಸಮಾಜಕ್ಕೆ ಒದಗಬಲ್ಲರು ಎಂಬುದೇ ಅವರ ಪಟ್ಟು. 2021ರ ಸೆಪ್ಟೆಂಬರ್ 12ರಂದು ಕಥೋಲಿಕ ಧರ್ಮಸಭೆ ಅವರನ್ನು ಧನ್ಯರ ಸಾಲಿಗೆ ಸೇರಿಸಿತು. ಕಣ್ಣಿಲ್ಲದ ಒಬ್ಬ ಹೆಂಗಸು ಹಿಡಿದ ಹಟ ವಾರ್ಸಾದಿಂದ ನಮ್ಮ ರಾಜಧಾನಿಯವರೆಗೆ ನಡೆದುಬಂದಿದೆ.

ಅಂಧರು ಸೇವೆಗೆ ನಿಲ್ಲುವುದು ಕನ್ನಡ ನಾಡಿಗೆ ಹೊಸ ಮಾತೂ ಅಲ್ಲ. ಗದಗಿನ ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು, ಇಬ್ಬರೂ ಅಂಧರು. ವೀರೇಶ್ವರ ಪುಣ್ಯಾಶ್ರಮದಲ್ಲಿ ಅವರು ಎಷ್ಟೋ ಮಕ್ಕಳಿಗೆ ಅನ್ನವನ್ನೂ ಸಂಗೀತವನ್ನೂ ಕೊಟ್ಟರು. ಧರ್ಮ ಬೇರೆ, ಕಾಣಿಸಿದ ಸತ್ಯ ಒಂದೇ.

ಹಾಗಾದರೆ ನಮ್ಮ ನಾಲ್ಕು ಊರುಗಳ ಧರ್ಮಕೇಂದ್ರಗಳು, ಸಭೆಗಳು ಏನು ಮಾಡಬಹುದು? ಕನಕಪುರದ ಹಾರೋಬೆಲೆಯಂಥ ಹಳೆಯ ಕ್ರೈಸ್ತ ಊರಿರುವ ಸೀಮೆ ಇದು. ಭಾನುವಾರದ ವಾಚನವನ್ನು ಬ್ರೈಲ್‌ನಲ್ಲೋ ಧ್ವನಿಮುದ್ರಣದಲ್ಲೋ ಮೊದಲೇ ಕೊಟ್ಟರೆ ಅಂಧರು ವೇದಿಕೆಯಲ್ಲಿ ನಿಂತು ಓದಬಲ್ಲರು. ಹಾಸಿಗೆ ಹಿಡಿದ ಹಿರಿಯರಿಗೆ ವಾರವಾರ ಫೋನು ಮಾಡಿ ಯೋಗಕ್ಷೇಮ ವಿಚಾರಿಸುವ ಹೊಣೆ ಹೊರಬಲ್ಲರು. ಗಾಯನವೃಂದಕ್ಕೆ ಹಾಡು ಕಲಿಸಬಲ್ಲರು. ತೆರೆ ಓದಿ ಹೇಳುವ ತಂತ್ರಾಂಶವಿದ್ದರೆ ನೆರವಿನ ಲೆಕ್ಕವನ್ನೂ ಇಡಬಲ್ಲರು. ಅದಕ್ಕೆ ಬೇಕಾದ ಏರ್ಪಾಡು ಸಣ್ಣದು: ಬಸ್ ನಿಲ್ದಾಣದಿಂದ ಜೊತೆಗೆ ಬರಲು ಒಬ್ಬರು, ಸಾಮಾನು ಇಟ್ಟಲ್ಲೇ ಇರುವ ಶಿಸ್ತು, ಮಾತಿಗೆ ಮೊದಲು ತಮ್ಮ ಹೆಸರು ಹೇಳುವ ರೂಢಿ. ತೀರ್ಮಾನ ಕೈಗೊಳ್ಳುವ ಸಮಿತಿಯಲ್ಲಿ ಅವರಿಗೊಂದು ಕುರ್ಚಿಯೂ ಇರಲಿ.

ಗುರುಗಳೇ, ಸಭಾಪಾಲಕರೇ, ಮುಂದಿನ ಸೇವಾ ಸಮಿತಿಯ ಪಟ್ಟಿ ಬರೆಯುವಾಗ ನಿಮ್ಮ ಊರಿನ ಅಂಧರ ಮನೆಗೆ ಹೋಗಿ. ‘ನಿಮಗೇನು ಬೇಕು’ ಎಂದು ಕೇಳಿ. ಅಷ್ಟಕ್ಕೇ ನಿಲ್ಲದೆ, ‘ನಮ್ಮ ಜೊತೆ ಯಾವ ಕೆಲಸ ವಹಿಸಿಕೊಳ್ಳುತ್ತೀರಿ’ ಎಂದೂ ಕೇಳಿ.