ವಿದ್ಯುತ್ ಯೋಜನೆ ಮತ್ತು ನಮ್ಮ ಪಂಚಾಯತದ ಚಿಂತೆ

(ಸಂಘದ ಬೆಳ್ಳಿಹಬ್ಬದ ವಿಚಾರಗೋಷ್ಠಿಯಲ್ಲಿ ಗ್ರಾಮ ಪಂಚಾಯತದ ಮಾಜಿ ಸದಸ್ಯರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷ ತುಂಬಿದ ಸಂಘಕ್ಕೆ ಮೊದಲಾಗಿ ಅಭಿನಂದನೆಗಳು. ಗೊಬ್ಬರ, ಮೈಲುತುತ್ತ, ಬೆಳೆಸಾಲದ ವಿಷಯ ಈಗಾಗಲೇ ಹಲವರು ಮಾತಾಡಿದ್ದಾರೆ. ನನಗೆ ಕೊಟ್ಟದ್ದು ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯ ವಿಷಯ.

ಶರಾವತಿಗೂ ಕರೆಂಟಿಗೂ ಇರುವ ನಂಟು ಹೊಸತಲ್ಲ. ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರ 1948ರಲ್ಲಿ ಶುರುವಾಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಶರಾವತಿ ವಿದ್ಯುದಾಗಾರದ 1035 ಮೆಗಾವ್ಯಾಟ್, ಗೇರುಸೊಪ್ಪೆಯ 240 ಮೆಗಾವ್ಯಾಟ್, ಎಲ್ಲವೂ ಈ ಒಂದೇ ಹೊಳೆಯ ನೀರು. ನಾಡಿಗೆ ಬೆಳಕು ಬಂತು, ಇಲ್ಲ ಎನ್ನಲಾಗದು. ಆದರೆ ಮುಳುಗಡೆಯಾಗಿ ಗದ್ದೆ-ತೋಟ ಬಿಟ್ಟು ಹೋದವರು ಹಕ್ಕುಪತ್ರಕ್ಕಾಗಿ ಕಚೇರಿ ಕಚೇರಿ ಅಲೆದ ಕತೆ ಘಟ್ಟದ ಮೇಲೂ ಕೆಳಗೂ ಎಲ್ಲರಿಗೆ ಗೊತ್ತು. ಹೊಸ ಯೋಜನೆ ಅಂದಕೂಡಲೇ ನಮ್ಮ ಜನಕ್ಕೆ ಎದೆ ಝಲ್ಲೆನ್ನುವುದು ಅದಕ್ಕೇ.

ಈ ಯೋಜನೆ ಏನು? ಮೇಲೆ ತಲಕಳಲೆ ಜಲಾಶಯ, ಕೆಳಗೆ ಗೇರುಸೊಪ್ಪೆ ಜಲಾಶಯ. ಇವೆರಡೂ ಈಗಾಗಲೇ ಇವೆ. ನಡುವೆ ಗುಡ್ಡದೊಳಗೆ ಸುರಂಗ ಕೊರೆದು, ನೆಲದಡಿಯಲ್ಲಿ 250 ಮೆಗಾವ್ಯಾಟಿನ ಎಂಟು ಘಟಕ ಕೂರಿಸುವುದು. ಒಟ್ಟು 2000 ಮೆಗಾವ್ಯಾಟ್. ಕರೆಂಟು ಹೆಚ್ಚಿದ್ದ ಹೊತ್ತಿನಲ್ಲಿ ಕೆಳಗಿನ ನೀರನ್ನು ಮೇಲಕ್ಕೆತ್ತುವುದು, ಬೇಡಿಕೆ ಏರಿದಾಗ ಅದೇ ನೀರು ಇಳಿಸಿ ಕರೆಂಟು ಮಾಡುವುದು. ಇಂಥ ಯೋಜನೆಗಳಲ್ಲಿ ನೂರು ಯೂನಿಟ್ ಖರ್ಚು ಮಾಡಿದರೆ ತಿರುಗಿ ಸಿಗುವುದು ಸಾಮಾನ್ಯವಾಗಿ ಎಪ್ಪತ್ತೈದರಿಂದ ಎಂಬತ್ತು. ಅಂದರೆ ಇದು ಕರೆಂಟಿನ ಗಣಿಯಲ್ಲ, ಕಣಜ. ಬಿಸಿಲಿನಿಂದ, ಗಾಳಿಯಿಂದ ಬರುವ ಕರೆಂಟನ್ನು ಕೂಡಿಡಲು ಕಣಜ ಬೇಕೆಂಬ ವಾದದಲ್ಲಿ ಹುರುಳಿದೆ. ಆದರೆ ಕಣಜ ಕಟ್ಟುವ ಜಾಗ ಸಿಂಗಳೀಕನ ಅಭಯಾರಣ್ಯ. ಪಕ್ಕದಲ್ಲಿರುವುದು ನಮ್ಮ ಊರು.

ಪಂಚಾಯತದ ಚಿಂತೆ ಮುಖ್ಯವಾಗಿ ನಾಲ್ಕು.

ಒಂದು, ಕುಡಿಯುವ ನೀರು. ನಮ್ಮಲ್ಲಿ ಎಷ್ಟೋ ಮನೆಗೆ ಗುಡ್ಡದ ಅಬ್ಬಿ ನೀರೇ ಗತಿ. ಸುರಂಗ ಕೊರೆದಾಗ ಒರತೆಯ ದಾರಿ ತಪ್ಪಿದರೆ ಟ್ಯಾಂಕರ್ ಕಳಿಸಬೇಕಾದ್ದು ಪಂಚಾಯತ. ಎರಡು, ಗುಡ್ಡ ಕುಸಿತ. 2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ಆದದ್ದನ್ನು ನೋಡಿದ್ದೇವೆ. ಬಂಡೆ ಸಿಡಿಸುವಾಗ, ಅಗೆದ ಮಣ್ಣು-ಕಲ್ಲು ರಾಶಿ ಹಾಕುವಾಗ ಮಳೆಗಾಲದ ಲೆಕ್ಕ ಇಟ್ಟಿದ್ದಾರೆಯೇ? ಮೂರು, ರಸ್ತೆ. ಪಿಕಪ್ ಓಡಾಡಲು ಮಾಡಿದ ಹಳ್ಳಿ ರಸ್ತೆಯ ಮೇಲೆ ದೊಡ್ಡ ಟಿಪ್ಪರ್ ಓಡಿದರೆ ರಿಪೇರಿ ಯಾರ ಖರ್ಚು? ನಾಲ್ಕು, ಹೊಳೆ. ಗೇರುಸೊಪ್ಪೆಯಿಂದ ಬಿಡುವ ನೀರು ಕಡಿಮೆಯಾದರೆ ಸಮುದ್ರದ ಉಪ್ಪುನೀರು ಮೇಲೇರಿ ಕೆಳಗಿನವರ ಬಾವಿ, ತೋಟ ಕೆಡುತ್ತದೆ. ಅದೇ ನೀರನ್ನು ತಿರುಗಿಸಿ ಬಳಸುತ್ತೇವೆ, ಕಡಿಮೆಯಾಗದು ಅನ್ನುತ್ತಾರೆ. ಆಗಲಿ, ಬೇಸಿಗೆಯಲ್ಲಿ ದಿನಕ್ಕೆ ಇಷ್ಟು ನೀರು ಬಿಟ್ಟೇ ಬಿಡುತ್ತೇವೆಂದು ಬರೆದು ಕೊಡಲಿ.

ಈಗ ನಾವು ಮಾಡಬೇಕಾದ್ದೇನು? 2025ರ ಸೆಪ್ಟೆಂಬರಿನಲ್ಲಿ ಮೇಲೆ ಕಾರ್ಗಲ್ಲಿನಲ್ಲೂ ಕೆಳಗೆ ಗೇರುಸೊಪ್ಪೆಯಲ್ಲೂ ಸಾರ್ವಜನಿಕ ಅಹವಾಲು ಸಭೆ ನಡೆದವು. 2006ರ ಅಧಿಸೂಚನೆಯ ಪ್ರಕಾರ ಆ ಸಭೆಯ ನಡಾವಳಿಯನ್ನು ಪಂಚಾಯತ ಕಚೇರಿಯಲ್ಲಿ ಹಾಕಬೇಕು. ಜನ ಎತ್ತಿದ ಆಕ್ಷೇಪಗಳೂ ಅದಕ್ಕೆ ಕೊಟ್ಟ ಉತ್ತರಗಳೂ ಕನ್ನಡದಲ್ಲೇ ಇರಬೇಕು. ದಯವಿಟ್ಟು ಹೋಗಿ ಓದಿ. ಉತ್ತರ ಸಾಲದಿದ್ದರೆ ಅರ್ಜಿ ಬರೆಯಿರಿ. ಕೂಗಿದ ಮಾತು ಗಾಳಿಗೆ ಹೋಗುತ್ತದೆ, ಬರೆದ ಮಾತು ಕಡತದಲ್ಲಿ ಉಳಿಯುತ್ತದೆ.

ಇನ್ನೊಂದು ಕೆಲಸ ನಮ್ಮ ಸಂಘವೇ ಮಾಡಬಹುದು. ಪ್ರತಿ ಸದಸ್ಯನೂ ತನ್ನ ಬಾವಿ, ಅಬ್ಬಿಯ ನೀರು ಯಾವ ತಿಂಗಳಲ್ಲಿ ಎಷ್ಟು ಇರುತ್ತದೆಂದು ಒಂದು ಪುಸ್ತಕದಲ್ಲಿ ಬರೆದಿಡಲಿ. ಗೋಡೆ ಬಿರುಕಿದ್ದರೆ ಈಗಲೇ ಫೋಟೋ ತೆಗೆದು ತಾರೀಕು ಹಾಕಲಿ. ನಾಳೆ ಹಾನಿಯಾದಾಗ "ಮೊದಲು ಹೇಗಿತ್ತು?" ಎಂದು ಕೇಳುತ್ತಾರೆ. ಆಗ ತೋರಿಸಲು ಕಾಗದ ಬೇಕು. ಸಾಲದ ಲೆಕ್ಕ ಇಟ್ಟ ಸಂಘಕ್ಕೆ ನೀರಿನ ಲೆಕ್ಕ ಕಷ್ಟವಲ್ಲ. ಅದರ ಆಧಾರದ ಮೇಲೆ ಗ್ರಾಮಸಭೆಯಲ್ಲಿ ಠರಾವು ಮಾಡಿದರೆ ಪಂಚಾಯತದ ಮಾತಿಗೂ ತೂಕ ಬರುತ್ತದೆ.

ನಮ್ಮಲ್ಲಿ ಯೋಜನೆ ಬೇಕೆನ್ನುವವರೂ ಇದ್ದಾರೆ, ಬೇಡವೆನ್ನುವವರೂ ಇದ್ದಾರೆ. ಮಕ್ಕಳಿಗೆ ಊರಲ್ಲೇ ಕೆಲಸ ಸಿಗಲಿ ಅನ್ನುವ ಆಸೆ ತಪ್ಪಲ್ಲ. ಈ ವಿಷಯಕ್ಕೆ ಮನೆ-ಮನೆ ನಡುವೆ ಮಾತು ಬಿಡುವುದು ಮಾತ್ರ ಬೇಡ. ಸಹಕಾರದಲ್ಲಿ ಹತ್ತು ಎಕರೆಯವನಿಗೂ ಹತ್ತು ಗುಂಟೆಯವನಿಗೂ ಒಂದೇ ಮತ. ಗ್ರಾಮಸಭೆಯೂ ಹಾಗೆಯೇ. ಬಂದು ಕೂತವರ ಮಾತಷ್ಟೇ ಅಲ್ಲಿ ನಡೆಯುವುದು. ಆದ್ದರಿಂದ ಮುಂದಿನ ಗ್ರಾಮಸಭೆಗೆ ಮನೆಗೊಬ್ಬರಾದರೂ ತಪ್ಪದೆ ಬನ್ನಿ, ಹೆಂಗಸರು ಮೊದಲು ಬನ್ನಿ. ನೀರು ತರುವ ಕಷ್ಟ ಗೊತ್ತಿರುವುದು ಅವರಿಗೇ.

ಸಂಘ ಸುವರ್ಣ ಮಹೋತ್ಸವ ಆಚರಿಸುವಾಗಲೂ ಈ ಅಬ್ಬಿಗಳು ಹರಿಯುತ್ತಿರಲಿ ಎಂದು ಹಾರೈಸುತ್ತೇನೆ.